ಗೇಟು ಸುತ್ತುವ ಮುನ್ನ

ಮನೆ ಮಾಲೀಕ ಬಾಗಿಲು ತಟ್ಟುವ ರೀತಿಯೇ ಬೇರೆ. ನೆಂಟರು ಒಂದು ಸಲ ತಟ್ಟಿ ಕಾಯುತ್ತಾರೆ, ಆತ ಬಾಗಿಲು ತೆಗೆಯುವ ತನಕ ತಟ್ಟುತ್ತಲೇ ಇರುತ್ತಾನೆ. ಶನಿವಾರ ಸಂಜೆ ಸೂಜಿಯಕ್ಕ ಬೂಟಿನ ಕಾರ್ಖಾನೆಯಿಂದ ಬಂದು ಇನ್ನೂ ಮುಖ ತೊಳೆದಿರಲಿಲ್ಲ, ಆ ಸದ್ದು ಶುರುವಾಯಿತು.

"ಮೂರು ತಿಂಗಳ ಬಾಡಿಗೆ ಬಾಕಿ ಇದೆಯಮ್ಮ. ತಿಂಗಳ ಕೊನೆಗೆ ಕೊಟ್ರೆ ಸರಿ. ಇಲ್ಲಾಂದ್ರೆ ಮನೆ ಖಾಲಿ ಮಾಡಿ. ನನಗೂ ಸಂಸಾರ ಇದೆ" ಎಂದು ಹೇಳಿ ಆತ ಮೆಟ್ಟಿಲಿಳಿದು ಹೋದ.

ಸೂಜಿಯಕ್ಕ ಎನ್ನುವುದು ಕಾರ್ಖಾನೆಯವರು ಇಟ್ಟ ಹೆಸರು. ಬೂಟಿನ ಮೇಲಿನ ಚರ್ಮ ಹೊಲಿಯುವುದರಲ್ಲಿ ಆಕೆಯದು ಎತ್ತಿದ ಕೈ. ಮಾತೂ ಅಷ್ಟೇ ಚೂಪು. ಅವತ್ತು ಮಾತ್ರ ಬಾಗಿಲು ಹಾಕಿ ಅಗುಳಿ ಎಳೆದಳು. ಒಳಗೆ ಮಂಚದ ಮೇಲೆ ಗಂಡ ಪಟ್ಟಿ ಸುತ್ತಿದ ಕಾಲನ್ನು ದಿಂಬಿನ ಮೇಲಿಟ್ಟುಕೊಂಡು ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದ. ಆತ ಖಾಸಗಿ ಕಂಪನಿಯೊಂದರ ಬಸ್ ಡ್ರೈವರ್. ಡಿಪೋದಲ್ಲಿ ಬಸ್ಸಿನಿಂದ ಇಳಿಯುವಾಗ ಕಾಲು ಜಾರಿ ಮಂಡಿಚಿಪ್ಪು ಮುರಿದಿತ್ತು. ಅಂದಿನಿಂದ ಸಂಬಳ ನಿಂತಿತ್ತು. ಇದ್ದ ಚೂರುಪಾರು ಉಳಿತಾಯವೆಲ್ಲ ಆಸ್ಪತ್ರೆಗೆ ಹೋಗಿತ್ತು.

"ನಾನು ಗೇಟು ಸುತ್ತಿ ಬರ್ತೀನಿ. ಗೇಟಿನ ಮಾವನಿಗೆ ಆಗಲೇ ಹೇಳಿದ್ದೀನಿ, ಶುಕ್ರವಾರ ರಾಜೀನಾಮೆ ಕೊಡೋದೇ" ಎಂದಳು ಸೂಜಿಯಕ್ಕ.

ಗೇಟು ಸುತ್ತುವುದು ಎಂದರೇನು ಎಂದು ಆ ಕಾರ್ಖಾನೆಯಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ತಿಂಗಳಾ ತಿಂಗಳಾ ಸಂಬಳದಿಂದ ಒಂದು ಪಾಲು ಹಿಡಿದು, ಅದಕ್ಕೆ ಕಂಪನಿಯೂ ಒಂದು ಪಾಲು ಸೇರಿಸಿ, ನಿವೃತ್ತಿ ನಿಧಿಗೆ ಕಟ್ಟುತ್ತಾರಲ್ಲ, ಆ ಹಣವನ್ನು ಒಟ್ಟಿಗೆ ಎತ್ತಿಕೊಳ್ಳುವ ಉಪಾಯ ಅದು. ಮುಂದಿನ ಗೇಟಿನಲ್ಲಿ ರಾಜೀನಾಮೆ ಕೊಟ್ಟು ಹೊರಗೆ ಹೋಗಬೇಕು. ಕೆಲಸ ಬಿಟ್ಟವರೆಂದು ನಿಧಿಯ ಹಣ ಪೂರ್ತಿ ಕೈಗೆ ಬರುತ್ತದೆ. ಆಮೇಲೆ ಹಿಂದಿನ ಗೇಟಿನಿಂದ ಹೊಸ ಆಳಾಗಿ ಒಳಗೆ ಬರಬೇಕು. ಇದನ್ನೆಲ್ಲ ಮಾಡಿಸಿಕೊಡಲು ಕೂಲಿ ಗುತ್ತಿಗೆದಾರನೊಬ್ಬ ಇದ್ದ. ಎಲ್ಲರೂ ಅವನನ್ನು ಗೇಟಿನ ಮಾವ ಎನ್ನುತ್ತಿದ್ದರು. ಮಾವ ಬಲು ಒಳ್ಳೆಯವನು, ಬಂದ ಹಣದಲ್ಲಿ ತನ್ನ ಪಾಲು ಮುರಿದುಕೊಂಡೇ ಮಾತಾಡಿಸುತ್ತಿದ್ದ.

ಭಾನುವಾರ ಅಣ್ಣನ ಕಾಲು ನೋಡಲು ನಾದಿನಿ ಬಂದಳು. ಪಕ್ಕದ ಪಟ್ಟಣದ ನಿಧಿ ಕಚೇರಿಯಲ್ಲಿ ಆಕೆ ಗುಮಾಸ್ತೆ. ಅತ್ತಿಗೆಗೂ ನಾದಿನಿಗೂ ಮೊದಲಿನಿಂದಲೂ ಎಣ್ಣೆ ಸೀಗೆಕಾಯಿ. ಹಾಗಂತ ಒಬ್ಬರನ್ನೊಬ್ಬರು ಬಿಟ್ಟು ಇರುವವರೂ ಅಲ್ಲ.

ಗೇಟಿನ ವಿಷಯ ಕೇಳಿದ್ದೇ ನಾದಿನಿ ಕೈಲಿದ್ದ ಲೋಟ ಕೆಳಗಿಟ್ಟಳು.

"ಅತ್ತಿಗೆ, ನಿಮಗೇನು ತಲೆ ಕೆಟ್ಟಿದೆಯಾ? ಎಷ್ಟು ವರ್ಷದ ದುಡಿಮೆ ಅದು!"

"ಬಂದ್ಳಪ್ಪಾ ಸರ್ಕಾರಿ ಬುದ್ಧಿ ಹೇಳೋಕೆ! ನಿಮ್ಮಾಫೀಸಿನೋರು ಕೊಡಲ್ಲ ಅನ್ನೋದು ಬಿಟ್ಟು ಬೇರೆ ಏನಾದ್ರೂ ಕಲ್ತಿದ್ದೀರಾ? ನನ್ನ ದುಡ್ಡು, ನನ್ನ ಕಷ್ಟ. ನಾನು ತಗೊಂಡ್ರೆ ನಿನಗೇನು ಹೊಟ್ಟೆನೋವು?"

"ನಿಮ್ಮ ದುಡ್ಡೇ, ಯಾರು ಇಲ್ಲ ಅಂದ್ರು? ಆದ್ರೆ ಆ ದುಡ್ಡಿಗೆ ಇನ್ನೊಬ್ಬ ಯಜಮಾನಿ ಇದ್ದಾಳೆ. ಅವಳನ್ನ ಕೇಳಿದ್ರಾ?"

"ಅದ್ಯಾರಮ್ಮ?"

"ಅರವತ್ತು ದಾಟಿದ ಅತ್ತಿಗೆ. ಕಣ್ಣು ಮಂಜಾಗಿರುತ್ತೆ, ಸೂಜಿಗೆ ದಾರ ಹೋಗಲ್ಲ, ಯಾರೂ ಕೆಲಸಕ್ಕೆ ಕರಿಯಲ್ಲ. ಬಾಯಿ ಮಾತ್ರ ಹೀಗೇ ಇರುತ್ತೆ! ಆ ಅಜ್ಜಿ ಊಟಕ್ಕೆ ಇಟ್ಟ ದುಡ್ಡನ್ನ ನೀವು ಪೂರ್ತಿ ಬಳಿದು ತಂದ್ರೆ, ಅವಳು ಯಾರ ಮನೆ ಬಾಗಿಲಿಗೆ ಹೋಗಿ ನಿಲ್ಲಬೇಕು?"

ಗಂಡ ಕಿಸಕ್ಕನೆ ನಕ್ಕ. ಸೂಜಿಯಕ್ಕ ಕಣ್ಣು ಬಿಟ್ಟಳು, ಆತ ಗೋಡೆಯ ಕಡೆ ತಿರುಗಿದ.

"ಅಜ್ಜಿ ಆಗೋ ತನಕ ಬದುಕಿರಬೇಕಲ್ವಾ? ತಿಂಗಳ ಕೊನೆಗೆ ಸಾಮಾನು ಬೀದಿಗೆ ಬಂದ್ರೆ ಏನು ಮಾಡ್ಲಿ?" ಎಂದು ಸೂಜಿಯಕ್ಕ ಮಂಚದ ತುದಿಯಲ್ಲಿ ಕೂತುಬಿಟ್ಟಳು.

ನಾದಿನಿ ಜಗಳದ ದನಿ ಬಿಟ್ಟಳು. ಹತ್ತಿರ ಬಂದು ಅತ್ತಿಗೆಯ ಕೈ ಹಿಡಿದಳು. "ತಗೋಬೇಡಿ ಅಂತ ನಾನು ಹೇಳ್ತಿಲ್ಲ. ಕಷ್ಟ ಬಂದಾಗ ತಗೊಳ್ಳೋಕೆ ನಮ್ಮ ನಿಧಿಯಲ್ಲೇ ದಾರಿ ಇದೆ. ಮನೆಯವರ ಕಾಯಿಲೆಗೆ ಅಂತ ಅರ್ಜಿ ಹಾಕಿದ್ರೆ, ಕೆಲಸದಲ್ಲಿ ಇದ್ದುಕೊಂಡೇ ಒಂದು ಪಾಲು ತಗೋಬಹುದು. ಉಳಿದದ್ದು ಅಲ್ಲೇ ಬೆಳೀತಾ ಇರುತ್ತೆ. ರಾಜೀನಾಮೆ ಬೇಡ, ಮಾವ ಬೇಡ, ಯಾರಿಗೂ ಪಾಲು ಕೊಡೋದೂ ಬೇಡ. ಆದ್ರೆ ಅದಕ್ಕೂ ಮುಂಚೆ ಬೇರೆ ಕಡೆ ಏನು ಬರಬೇಕು ಅಂತ ನೋಡಿ. ಅಣ್ಣ, ನಿನ್ನ ಕಂಪನಿಯೋರು ಅಪಘಾತ ಪರಿಹಾರ ಕೊಟ್ರಾ?"

"ಅದು ನನಗೆ ಬರಲ್ಲ ಪುಟ್ಟಿ" ಎಂದ ಗಂಡ ಗೋಡೆಗೇ ಹೇಳುವಂತೆ. "ಬಸ್ಸು ಓಡ್ತಾ ಇರ್ಲಿಲ್ಲ. ನಿಂತಿದ್ದ ಬಸ್ಸಿಂದ ಬಿದ್ದೆ. ಅದನ್ನ ಅಪಘಾತ ಅಂತ ಹೇಳಿದ್ರೆ ಡಿಪೋದಲ್ಲಿ ಎಲ್ಲರೂ ನಗ್ತಾರೆ."

"ಅಯ್ಯೋ ನನ್ನ ಅಣ್ಣಾ! ಕೆಲಸದ ಹೊತ್ತಲ್ಲಿ, ಕೆಲಸದ ಜಾಗದಲ್ಲಿ ಬಿದ್ದಿದ್ದೀಯ. ಬಸ್ಸು ಓಡಿದ್ರೇನು, ನಿಂತಿದ್ರೇನು? ಒಂದು ಸಲ ಕೇಳಿ ನೋಡೋಕೆ ನಾಚಿಕೆ ಯಾಕೆ?"

ಸೂಜಿಯಕ್ಕ ಗಂಡನನ್ನು ಗುರಾಯಿಸಿದಳು. ಇಷ್ಟು ದಿನ ಆತ ಕಂಪನಿಯವರನ್ನು ಕೇಳಿಯೇ ಇರಲಿಲ್ಲ ಎನ್ನುವುದು ಅವಳಿಗೂ ಗೊತ್ತಿರಲಿಲ್ಲ.

ಆದರೂ ನಾದಿನಿಯ ಮಾತನ್ನು ಒಂದೇ ಏಟಿಗೆ ಒಪ್ಪಿಕೊಂಡರೆ ಅತ್ತಿಗೆಯ ಮರ್ಯಾದೆ ಏನಾಗಬೇಕು? ಸೋಮವಾರ ಕಾರ್ಖಾನೆಯ ಊಟದ ಬಿಡುವಿನಲ್ಲಿ ಸೂಜಿಯಕ್ಕ ತಾನೇ ಹೋಗಿ ಕಡೆಯ ಬೆಂಚಿನಲ್ಲಿ ಕೂತಳು. ಅಲ್ಲಿ ಹೊಸ ಹುಡುಗಿಯರು ಹೊಲಿದ ಬೂಟುಗಳ ದಾರದ ತುದಿ ಕತ್ತರಿಸುತ್ತಾರೆ. ಅವರ ನಡುವೆ ನರೆತ ತಲೆಯ ಕನ್ನಡಕದಕ್ಕನೂ ಇದ್ದಳು. ಒಂದು ಕಾಲದಲ್ಲಿ ಸೂಜಿಯಕ್ಕನಿಗೆ ಹೊಲಿಗೆ ಕಲಿಸಿದವಳೇ ಆಕೆ. ತಂಗಿಯ ಮದುವೆಗೆಂದು ಗೇಟು ಸುತ್ತಿ ಬಂದಿದ್ದಳು.

"ಅಕ್ಕಾ, ಗೇಟು ಸುತ್ತಿದ್ದು ಒಳ್ಳೇದಾಯ್ತಾ? ನಿಜ ಹೇಳು."

ಕನ್ನಡಕದಕ್ಕ ಕತ್ತರಿ ನಿಲ್ಲಿಸಲಿಲ್ಲ. "ದುಡ್ಡು ಬಂದ ದಿನ ಒಳ್ಳೇದಾಗಿತ್ತು ಕಣೇ. ಅರ್ಧ ಮದುವೆಗೆ ಹೋಯ್ತು. ಇನ್ನರ್ಧ ಎಲ್ಲಿ ಹೋಯ್ತು ಅಂತ ಇವತ್ತಿಗೂ ಗೊತ್ತಿಲ್ಲ. ಕೈಯಲ್ಲಿದ್ರೆ ನಿಲ್ಲುತ್ತಾ? ಹಳೇ ಜಾಗ ಕೊಡಿಸ್ತೀನಿ ಅಂದಿದ್ದ ಮಾವ. ವಾಪಸ್ ಬಂದ್ರೆ ಹೊಸಬಳು ಅಂತ ಇಲ್ಲಿ ಕೂರಿಸಿದ್ರು, ಹೊಸಬರ ಸಂಬಳ. ಪಿಂಚಣಿಗೆ ಇಷ್ಟು ವರ್ಷ ಸರ್ವೀಸು ಆಗಿರಬೇಕಂತೆ. ನಂದು ಮೊದಲಿಂದ ಎಣಿಸ್ತಾರಂತೆ. ಅಷ್ಟು ವರ್ಷ ನಾನೆಲ್ಲಿ ದುಡೀಲಿ?"

"ನನಗೆ ಯಾಕೆ ಮೊದಲೇ ಹೇಳ್ಲಿಲ್ಲ?"

"ನೀನು ಯಾವತ್ತು ಕೇಳ್ದೆ? ಎಲ್ಲರೂ ಮಾವನ್ನ ಕೇಳ್ತೀರಿ, ಸುತ್ತಿ ಬಂದವರನ್ನ ಯಾರೂ ಕೇಳಲ್ಲ."

ಸೂಜಿಯಕ್ಕ ಅವಳ ನರೆತ ತಲೆಯನ್ನೇ ನೋಡಿದಳು. ಇನ್ನು ಕೆಲವೇ ವರ್ಷಗಳಲ್ಲಿ ತನ್ನ ತಲೆಯೂ ನರೆಯುತ್ತದೆ. ಆಗ ತಾನೂ ಇದೇ ಬೆಂಚಿನಲ್ಲಿ, ಹುಡುಗಿಯರ ನಡುವೆ. ಊಟದ ಡಬ್ಬಿ ಮುಚ್ಚಿ ನೇರ ಸಿಬ್ಬಂದಿ ವಿಭಾಗಕ್ಕೆ ನಡೆದಳು.

"ಕಷ್ಟಕ್ಕೆ ಅಂತ ನಿಧಿಯಲ್ಲಿ ಒಂದು ಪಾಲು ತಗೋಬೇಕು ಸಾರ್. ಕೆಲಸ ಬಿಡಲ್ಲ."

ಅಲ್ಲಿದ್ದ ಗುಮಾಸ್ತ ತಲೆಯೆತ್ತಲೂ ಇಲ್ಲ. "ಹಾಗೆಲ್ಲ ಇಲ್ಲಿ ಯಾರೂ ಕೇಳಿಲ್ಲಮ್ಮ. ರಾಜೀನಾಮೆ ಕೊಟ್ಟು ಪೂರ್ತಿ ತಗೊಂಡುಬಿಡಿ, ಸುಲಭ."

"ಯಾರೂ ಕೇಳಿಲ್ಲ ಅಂದ್ರೆ ಇಲ್ಲ ಅಂತ ಅಲ್ವಲ್ಲ ಸಾರ್. ಈಗ ನಾನು ಕೇಳ್ತಿದ್ದೀನಿ. ನಿಮಗೆ ಗೊತ್ತಿಲ್ದಿದ್ರೆ ಹೇಳಿ, ನಿಧಿ ಕಚೇರಿಗೆ ಇಲ್ಲಿಂದಲೇ ಫೋನ್ ಮಾಡೋಣ. ನನ್ನ ನಾದಿನಿ ಅಲ್ಲೇ ಇದ್ದಾಳೆ, ನನಗಿಂತ ಜೋರು!"

ಗುಮಾಸ್ತ ತಲೆಯೆತ್ತಿದ. ಸ್ವಲ್ಪ ಹೊತ್ತು ಹುಡುಕಾಡಿದ ಮೇಲೆ ಅರ್ಜಿ ಸಿಕ್ಕಿತು. ಎಷ್ಟು ಬೇಕೆಂದು ಬರೆಯುವ ಜಾಗದಲ್ಲಿ ಆಕೆಯ ಕೈ ಒಂದು ಗಳಿಗೆ ನಿಂತಿತು. ಇನ್ನೂ ಸ್ವಲ್ಪ ಜಾಸ್ತಿ ಬರೆದರೆ ಹೊಸ ಫ್ಯಾನು ಬರುತ್ತದೆ, ಒಂದು ಒಳ್ಳೆಯ ಮಂಚ ಬರುತ್ತದೆ. ಸೂಜಿಯಕ್ಕ ಆಸೆಯನ್ನು ನುಂಗಿಕೊಂಡಳು. ಬಾಡಿಗೆ ಬಾಕಿ ಮತ್ತು ಔಷಧಿಗೆ ಬೇಕಾದಷ್ಟನ್ನು ಮಾತ್ರ ಬರೆದಳು.

ಹಣ ಕೈಗೆ ಬರಲು ಸಮಯ ಹಿಡಿಯುತ್ತದೆ, ತಿಂಗಳ ಕೊನೆ ಅದಕ್ಕೆ ಕಾಯುವುದಿಲ್ಲ. ಅದಕ್ಕೇ ಅವತ್ತು ಸಂಜೆ ಸೂಜಿಯಕ್ಕನೇ ಮಾಲೀಕನ ಮನೆಗೆ ಹೋಗಿ ಬಾಗಿಲು ತಟ್ಟಿದಳು. ಆತ ತೆಗೆಯುವ ತನಕ ತಟ್ಟುತ್ತಲೇ ಇದ್ದಳು.

"ಸಂಬಳ ಬಂದ ತಕ್ಷಣ ಒಂದು ತಿಂಗಳದ್ದು ಕೊಡ್ತೀನಿ. ನಿಧಿಗೆ ಅರ್ಜಿ ಹಾಕಿದ್ದೀನಿ, ಉಳಿದದ್ದು ಅದು ಬಂದ ದಿನವೇ. ಇವರ ಕಾಲು ಮುರಿಯೋಕೆ ಮುಂಚೆ ಇಷ್ಟು ವರ್ಷದಲ್ಲಿ ಒಂದು ಸಲವಾದ್ರೂ ತಡ ಮಾಡಿದ್ದೀವಾ? ನಮ್ಮನ್ನ ಕಳಿಸಿ ಹೊಸಬರನ್ನ ಹುಡುಕೋದ್ರೊಳಗೆ ಮನೆ ಖಾಲಿ ಬಿದ್ದಿರುತ್ತೆ, ನೋಡಿ."

ಮಾಲೀಕ ಗಲ್ಲ ಕೆರೆದುಕೊಂಡ. ಕಡೆಗೆ "ಆಯ್ತಮ್ಮ. ಮೊದಲೇ ಬಂದು ಹೀಗೆ ಹೇಳಿದ್ರೆ ನಾನು ಅಷ್ಟು ಗಡುಸಾಗಿ ಮಾತಾಡ್ತಿರ್ಲಿಲ್ಲ" ಎಂದ.

ಶುಕ್ರವಾರ ಮುಂದಿನ ಗೇಟಿನ ಹತ್ತಿರ ಗೇಟಿನ ಮಾವ ಕಾಯುತ್ತಿದ್ದ. "ಬಾಮ್ಮ ಬಾ, ಎಲ್ಲಾ ರೆಡಿ ಇದೆ. ಒಂದು ಸಹಿ ಹಾಕಿಬಿಡು."

"ಆಗಲ್ಲ ಮಾವ. ಮನೆಯಲ್ಲಿ ಒಬ್ಬಳು ಅಜ್ಜಿ ಇದ್ದಾಳೆ, ಅವಳು ಒಪ್ಪಲಿಲ್ಲ" ಎಂದು ಹೇಳಿ ಸೂಜಿಯಕ್ಕ ಎಂದಿನಂತೆ ಅದೇ ಗೇಟಿನಿಂದ ಒಳಗೆ ಹೋಗಿ ತನ್ನ ಯಂತ್ರದ ಮುಂದೆ ಕೂತಳು.

ಕೆಲವು ವಾರಗಳಲ್ಲಿ ನಿಧಿಯ ಹಣ ಬಂತು, ಬಾಕಿ ತೀರಿತು. ಗಂಡನೂ ನಾಚಿಕೆ ಬಿಟ್ಟು, ಊರುಗೋಲು ಹಿಡಿದು ಡಿಪೋಗೆ ಹೋಗಿ ಕೇಳಿದ. ಒಬ್ಬಿಬ್ಬರು ನಕ್ಕರು, ನಿಜ. ಆದರೆ ನಾಲ್ಕು ಸಲ ಓಡಾಡಿದ ಮೇಲೆ ಪರಿಹಾರ ಬಂತು. ಆತ ಅದನ್ನು ತಂದು ಹೆಂಡತಿಯ ಕೈಗಿಟ್ಟ.

"ಫ್ಯಾನು ತರೋಣ್ವಾ?" ಎಂದಳು ಸೂಜಿಯಕ್ಕ. ಕೇಳಿದ್ದು ಪರೀಕ್ಷೆ ಮಾಡಲಿಕ್ಕೋ ಆಸೆಗೋ, ಅವಳಿಗೇ ಗೊತ್ತಿರಲಿಲ್ಲ.

"ಫ್ಯಾನು ಆಮೇಲೆ ಕಣೇ" ಎಂದ ಗಂಡ. "ಮೊದಲು ಆ ಅಜ್ಜಿ ಹತ್ರ ತಗೊಂಡಿದ್ದನ್ನ ವಾಪಸ್ ಕೊಡೋಣ. ಇದು ಮನೆಖರ್ಚಿಗೆ ಇರ್ಲಿ. ನೀನು ನಾಳೆನೇ ಹೋಗಿ, ಸಂಬಳದಲ್ಲಿ ನಿಧಿಗೆ ಸ್ವಲ್ಪ ಹೆಚ್ಚಿಗೆ ಹಿಡಿಯೋಕೆ ಹೇಳು. ಅವಳ ಜೊತೆ ನಾನೂ ಇರ್ತೀನಲ್ಲ, ಒಬ್ಬ ಅಜ್ಜ."

ಸೂಜಿಯಕ್ಕ ಮುಖ ತಿರುಗಿಸಿಕೊಂಡು ಸೆರಗಿನಲ್ಲಿ ಕಣ್ಣೊರೆಸಿಕೊಂಡಳು.

ಈ ಕಥೆ ಓದುತ್ತಿರುವ ಅಕ್ಕ, ಅಣ್ಣ, ಕಷ್ಟ ಯಾರನ್ನೂ ಕೇಳಿ ಬರುವುದಿಲ್ಲ. ನಿಮಗೂ ಒಂದು ದಿನ ನಿವೃತ್ತಿಯ ಹಣಕ್ಕೆ ಕೈ ಹಾಕಬೇಕಾಗಬಹುದು. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಮೊದಲು ಬರಬೇಕಾದ ಪರಿಹಾರವನ್ನು ಕೇಳಿ, ಸಾಲ ಕೊಟ್ಟವರ ಹತ್ತಿರ, ಮನೆ ಮಾಲೀಕರ ಹತ್ತಿರ ಬಾಯಿಬಿಟ್ಟು ಸಮಯ ಕೇಳಿ. ಆಮೇಲೂ ಬೇಕಾದರೆ ಬೇಕಾದಷ್ಟೇ ತೆಗೆಯಿರಿ. ನಿಯಮಗಳು ಒಂದೊಂದು ನಿಧಿಗೆ ಒಂದೊಂದು ಥರ, ಆಗಾಗ ಬದಲಾಗುತ್ತವೆ ಕೂಡ. ಹಾಗಾಗಿ ನಿಮ್ಮ ನಿಧಿ ಕಚೇರಿಯವರನ್ನೇ ಕೇಳಿ, ಗೇಟಿನ ಹತ್ತಿರ ನಿಂತವರನ್ನಲ್ಲ. ಹಣಕ್ಕೋಸ್ಕರ ಕೆಲಸಕ್ಕೆ ರಾಜೀನಾಮೆ ಮಾತ್ರ ಕೊಡಬೇಡಿ. ಸಹಿ ಹಾಕುವ ಮುಂಚೆ, ನಿಮ್ಮ ಮನೆಯಲ್ಲೂ ಮುಂದೆ ಬರಲಿರುವ ಆ ಅಜ್ಜಿಯನ್ನು, ಆ ಅಜ್ಜನನ್ನು ಒಂದು ಮಾತು ಕೇಳಿ. ಅವರಿಗೆ ನಿಮ್ಮನ್ನು ಬಿಟ್ಟರೆ ಬೇರೆ ಯಾರೂ ಇಲ್ಲ.