ಗೋಡೆ ದಾಟಿ ಬಂದ ಪೈಪು

"ಟ್ಯಾಂಕರು ಹೆಬ್ಬಾಳದ ಹತ್ರ ಸಿಕ್ಕಾಕ್ಕೊಂಡದಂತೆ," ಎಂದು ಮುನಿನಾರಾಯಣಪ್ಪ ಫೋನನ್ನು ಜೇಬಿಗೆ ತುರುಕಿದ. ಕಂಕುಳಲ್ಲಿ ಖಾಲಿ ಕೊಡ. ಎದುರಿಗೆ, ಅಂಗಳದ ಚಾಪೆಯ ಮೇಲೆ, ಅಣ್ಣ ಮುನಿರಾಮಯ್ಯನ ಹೆಣ ಸ್ನಾನಕ್ಕೆ ಕಾದಿತ್ತು. ಅವರ ಕುಲದಲ್ಲಿ ಸತ್ತವನ ತಲೆಗೆ ಮೊದಲ ಕೊಡ ನೀರು ಒಡಹುಟ್ಟಿದವನ ಮನೆಯಿಂದಲೇ ಬರಬೇಕು. ಅದು ಬೀಳದೆ ಹೆಣ ಎತ್ತುವಂತಿಲ್ಲ.

"ಅಂಗಡಿಯಿಂದ ಒಂದು ಕ್ಯಾನ್ ತರ್ಲಾ, ಆನಂದಪ್ಪಣ್ಣ?"

ಕುಲದ ಹಿರಿಯ ಆನಂದಪ್ಪ ಕಣ್ಣುಬಿಟ್ಟ. "ಅಂಗಡಿ ನೀರಾಗೆ ಅಣ್ಣನ್ನ ತೊಳೀತೀಯೇನ್ಲಾ? ನಿನ್ ಮನೇದು ತಾ. ಇಂಗೇ ನಿಂತ್ಕಂಡ್ರೆ ಬಿಸ್ಲು ಏರ್ತದೆ."

ನಾರಾಯಣಪ್ಪನಿಗೆ ಸಾಕುಸಾಕಾಗಿತ್ತು. ಅವನ ಮನೆಯ ಬೋರ್‌ವೆಲ್ ಸತ್ತು ವರ್ಷಗಳೇ ಆಗಿದ್ದವು; ಟ್ಯಾಂಕರು ಬಂದು ತೊಟ್ಟಿ ತುಂಬಿಸಿದರಷ್ಟೇ ಮನೆಯ ನೀರು.

*

ಮುನಿರಾಮಯ್ಯ ಗುಜರಾತಿನ ಎಣ್ಣೆಬಾವಿಗಳಲ್ಲಿ ಸಿಮೆಂಟು ಇಳಿಸುತ್ತಿದ್ದವನು. ನಿವೃತ್ತನಾಗಿ ಬೆಂಗಳೂರಿನ ಅಂಚಿನ ತನ್ನೂರು ಸಿಂಗಾಪುರಕ್ಕೆ ಬಂದಾಗ ಅವನ ಬೋರ್‌ವೆಲ್ಲಿಗೆ ಚರಂಡಿ ನೀರು ಸೇರುತ್ತಿತ್ತು. ಕೊಳವೆಯ ಸುತ್ತ ಸಿಮೆಂಟು ತುಂಬಿ ಅದನ್ನು ತಡೆಯಲು ಅಣ್ಣತಮ್ಮಂದಿರು ಕೂತರು. ತೆಳ್ಳಗೆ ಕಲಸಿ ಎಷ್ಟು ಸುರಿದರೂ ಮೇಲಕ್ಕೆ ಬರಲೊಲ್ಲದು.

"ಕೆಳಗೆ ಬಂಡೆ ಸೀಳ್ಕೊಂಡದೆ ಕಣೋ, ಸಿಮೆಂಟೆಲ್ಲ ಅದೇ ಕುಡೀತಾ ಅದೆ. ಮೊದ್ಲು ತೆಂಗಿನ ನಾರು, ಭತ್ತದ ಹೊಟ್ಟು ಇಳ್ಸಿ ಸೀಳಿನ ಬಾಯಿ ಕಟ್ಬೇಕು. ನಾಳೆ ಸಿಮೆಂಟು ಬಿಡಾನ."

"ನಾಳೆ ಗೀಳೆ ಯಾಕಣ್ಣ? ಕಲ್ಸಿರೋದು ಗಟ್ಟಿ ಆಯ್ತದೆ," ಎಂದು ನಾರಾಯಣಪ್ಪ ಬಾಣಲೆಯನ್ನು ತಾನೇ ಬಗ್ಗಿಸಿದ. ತಮ್ಮನಿಗೆ ಬೇಡ ಎನ್ನುವ ಅಭ್ಯಾಸ ಅಣ್ಣನಿಗಿರಲಿಲ್ಲ.

ಅಣ್ಣನ ಬೋರ್‌ವೆಲ್ ಶುದ್ಧವಾಯಿತು. ಸಿಮೆಂಟು ಸೀಳಿನೊಳಗೇ ಹರಿದು ಗೋಡೆಯಾಚೆ ತಮ್ಮನದನ್ನು ಮುಚ್ಚಿಹಾಕಿತು. ಎರಡು ದಿನ ಬೂದಿ ಬಣ್ಣದ ನೀರು ಬಂತು, ಆಮೇಲೆ ಬರೀ ಗಾಳಿ.

ಪಂಚಾಯ್ತಿ ಸೇರಿದಾಗ ಮುನಿರಾಮಯ್ಯ "ಕೆಲ್ಸ ಗೊತ್ತಿದ್ದೋನು ನಾನು, ತಪ್ಪು ನಂದೇ" ಅಂದುಬಿಟ್ಟ. ನಾರಾಯಣಪ್ಪ ಬಾಯಿಬಿಡಲಿಲ್ಲ. ಅಣ್ಣ ಬೈದಿದ್ದರೆ ತಿರುಗಿ ಬೈಯಬಹುದಿತ್ತು. ತನ್ನ ತಪ್ಪನ್ನು ಹೊತ್ತವನಿಗೆ ಮುಖ ತೋರಿಸುವುದು ಹೇಗೆ? ಇಬ್ಬರ ನಡುವೆ ಮಾತು ನಿಂತಿತು. ಅಣ್ಣ ತನ್ನ ತೊಟ್ಟಿಯಿಂದ ಗೋಡೆ ದಾಟಿಸಿ ಪೈಪು ಎಳೆದು, ತಮ್ಮನ ಹಿತ್ತಲಿಗೆ ನಲ್ಲಿ ಕೂರಿಸಿದ. ತಮ್ಮ ಅದನ್ನು ಮುಟ್ಟಲಿಲ್ಲ. ಟ್ಯಾಂಕರಿಗೆ ಕಾಯುತ್ತಾ ಕೂದಲು ಬೆಳ್ಳಗಾದವು.

*

ಅತ್ತಿಗೆ ಅಂಜಿನಮ್ಮ ಹೆಣದ ಪಕ್ಕದಿಂದ ಎದ್ದು ಬಂದಳು.

"ನಿನ್ ಹಿತ್ತಲಾಗೆ ನಲ್ಲಿ ಅದಲ್ಲಪ್ಪಾ."

"ಅದು ನಿಮ್ ನೀರು, ಅತ್ತಿಗೆ."

"ನಿನ್ ನಲ್ಲೀಲಿ ಬಂದ್ರೆ ನಿನ್ನದೇ. ನಮ್ ಕಡೆ ವಾಲ್ವು ಒಂದ್ ದಿನಾನೂ ಮುಚ್ಚಿಲ್ಲ. ಮುಚ್ಚಕ್ಕೆ ನಿಮ್ಮಣ್ಣ ಬಿಡ್ಲಿಲ್ಲ."

ಆನಂದಪ್ಪ ಆಗಲಿ ಎಂಬಂತೆ ತಲೆಯಾಡಿಸಿದ. ನಾರಾಯಣಪ್ಪ ಕೊಡ ಎತ್ತಿಕೊಂಡು ಹಿತ್ತಲಿಗೆ ನಡೆದ.

ನಲ್ಲಿ ಜಂಗು ಹಿಡಿದು ಕಚ್ಚಿಕೊಂಡಿತ್ತು. ಟವೆಲು ಸುತ್ತಿ ತಿರುಗಿಸಿದ. ಕಲ್ಲಿನಿಂದ ಕುಟ್ಟಿದ. ಅಂಗೈ ತರಚಿತು. ಕೊನೆಗೆ ಬುಸ್ ಎಂದು ಗಾಳಿ ಬಂತು, ಕೆಂಪು ನೀರು ಬಂತು, ಆಮೇಲೆ ತಿಳಿಯಾದದ್ದು. ಕೊಡ ತುಂಬುವವರೆಗೂ ಅವನು ಅಳುತ್ತಲೇ ಇದ್ದ.

ಅಣ್ಣನ ತಲೆಯ ಮೇಲೆ ನಿಧಾನವಾಗಿ ಸುರಿದ. ಬಿಳಿ ಕೂದಲು ಹಣೆಗೆ ಅಂಟಿತು. ಅದನ್ನು ಬೆರಳಿನಿಂದ ಹಿಂದಕ್ಕೆ ಸರಿಸಿದ.

ಗೋಡೆಯಾಚೆ, ಮುಚ್ಚದೆ ಬಂದ ನಲ್ಲಿಯಿಂದ ನೀರು ಸುರಿಯುತ್ತಲೇ ಇತ್ತು. ಅಂಗಳದಲ್ಲಿದ್ದವರಿಗೆಲ್ಲ ಅದು ಕೇಳುತ್ತಿತ್ತು. ಯಾರೂ ಹೋಗಿ ನಿಲ್ಲಿಸಲಿಲ್ಲ.