ತಗುಲಿದ ರಾಣಿ

“ತಲೆ ಕಡೆ ಹಿಡ್ಕೊಳ್ಳಿ, ಮೆಟ್ಟಿಲು ಕಡಿದಾಗಿದೆ!” ಎಂದು ಯಾರೋ ಕೂಗಿದರು. ವಾಚ್ ರಿಪೇರಿಯವನು ಹಿಡಿದುಕೊಂಡ. ತಾನು ಮೂರು ವಾರದಿಂದ ಮಾತು ಬಿಟ್ಟಿದ್ದ ಟೈಲರ್ ಮಾಸ್ಟರನ್ನು ಹೀಗೆ ಹೆಣವಾಗಿ ಮಹಡಿಯಿಂದ ಇಳಿಸಬೇಕಾದೀತೆಂದು ಅವನು ಕನಸಲ್ಲೂ ಎಣಿಸಿರಲಿಲ್ಲ.

ಕೆಳಗಿನ ಅಂಗಡಿಯಲ್ಲಿ, ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಮಲಗಿಸಿ ಹೊಸ ಅಂಗಿ ತೊಡಿಸಿದರು. ಹೆಣದ ಗಾಡಿ ಬರಲು ಇನ್ನೂ ಅರ್ಧ ಗಂಟೆಯಿತ್ತು.

“ಪಾಪ, ಒಳ್ಳೆ ಮನುಷ್ಯ. ಚೆಸ್‌ನಲ್ಲಿ ಮಾತ್ರ ಸ್ವಲ್ಪ ಕೈಚಳಕ,” ಎಂದ ಕ್ಷೌರದಂಗಡಿಯವನು. ಪಕ್ಕದವನು ಮೀಸೆಯಡಿ ನಕ್ಕ.

ವಾಚಿನವನಿಗೆ ಚುಚ್ಚಿದಂತಾಯಿತು. ಆ ಮಾತನ್ನು ಬೀದಿಗೆಲ್ಲ ಹಂಚಿದ ಪುಣ್ಯಾತ್ಮ ತಾನೇ ಅಲ್ಲವೆ!

*

ಮೂರು ವಾರದ ಹಿಂದೆ ಅದೇ ಮೇಜು, ಬೀದಿಯ ಚೆಸ್ ಪಂದ್ಯದ ಫೈನಲ್, ಮಾಸ್ಟರ ಎದುರಿಗೆ ವಾಚಿನವನು. ಮಾಸ್ಟರು ಕುದುರೆಗೆ ಕೈ ಚಾಚಿದರು, ಬೆರಳು ರಾಣಿಯನ್ನು ಮುಟ್ಟಿತು. ರಾಣಿ ಕದಲಿದರೆ ಆಟ ಹೋದಂತೆಯೇ. ತಟ್ಟನೆ ಕೈ ಎಳೆದು ಕುದುರೆ ನಡೆಸಿದರು.

“ಮುಟ್ಟಿದ ಕಾಯಿ ನಡೆಸ್ಬೇಕು, ಮಾಸ್ಟ್ರೇ.”

“ಮುಟ್ಟಿಲ್ಲ ಕಣಯ್ಯಾ, ತಗುಲ್ತು ಅಷ್ಟೆ.”

“ತಗುಲ್ತಂತೆ! ಹದಿನೆಂಟು ವರ್ಷ ಜೊತೇಲಿ ಆಡಿದ್ರೂ ತಗುಲದ್ದು ಸೋಲೋ ಹೊತ್ತಿಗೆ ತಗುಲ್ತಾ? ಮೋಸ ಇದು, ಶುದ್ಧ ಮೋಸ!”

ಮಾಸ್ಟರು ಎರಡೂ ಕೈ ಮೇಜಿನಡಿ ಇಟ್ಟುಕೊಂಡರು. “ಸೋತೆ ಅಂತಿಟ್ಕೋ, ನನ್ನ ರಾಜನ್ನ ನೀನೇ ಮಲಗಿಸಿಬಿಡು,” ಎಂದರು. ಏನು ಸೊಕ್ಕು ಇವರಿಗೆ ಎಂದುಕೊಂಡೇ ಇವನು ಮಲಗಿಸಿದ್ದ.

*

“ಮಾವ, ಅಪ್ಪನ ಗುಂಡಿ ಹಾಕ್ತೀರಾ? ನನ್ನ ಕೈಲಾಗ್ತಿಲ್ಲ,” ಎಂದು ವಾಚಿನವನನ್ನು ಕೇಳಿದಳು ಮಾಸ್ಟರ ಮಗಳು. ದನಿ ತಗ್ಗಿಸಿದಳು. “ಎರಡು ತಿಂಗಳಿಂದ ದಿನಾ ನಾನೇ ಹಾಕ್ತಿದ್ದೆ. ಅಷ್ಟು ನಡುಗ್ತಿತ್ತು ಕೈ. ಬೆಳಿಗ್ಗೆ ಹತ್ತು ಸೂಜಿಗೆ ದಾರ ಪೋಣಿಸಿಟ್ಟು ಕೆಲಸಕ್ಕೆ ಹೋಗ್ತಿದ್ದೆ. ಟೈಲರ್ ಕೈ ನಡುಗ್ತು ಅನ್ನೋ ಮಾತು ಯಾರ ಬಾಯಲ್ಲೂ ಬರಬಾರದು, ನಾನು ಸತ್ತ ಮೇಲೂ ಬರಬಾರದು ಅಂತಿದ್ರು. ನಿಮಗಾದ್ರೂ ಹೇಳಿದ್ರಾ?”

ಅವನು ಇಲ್ಲವೆಂದು ತಲೆಯಾಡಿಸಿದ. ವಾಚಿನ ಕೂದಲೆಳೆಯಂಥ ಮುಳ್ಳು ಅಲುಗಿದರೂ ಕಾಣುವ ತನ್ನ ಕಣ್ಣಿಗೆ ಎದುರಿನ ಕೈ ಕಾಣಲಿಲ್ಲವಲ್ಲ! ಥೂ, ಎಂಥ ಕಣ್ಣಿದು! ಅಳು ಉಕ್ಕಿ ಬಂತು. ನಿಜ ಹೇಳಿದರೆ ಮಾಸ್ಟರ ಗುಟ್ಟು ಬಯಲು, ಸುಮ್ಮನಿದ್ದರೆ ಅವರು ಮೋಸಗಾರರಾಗಿಯೇ ಹೋಗುತ್ತಾರೆ.

ಅವನು ನೆರೆದವರ ಕಡೆ ತಿರುಗಿದ.

“ಇಲ್ಲಿ ಕೇಳ್ರಪ್ಪಾ. ಅವತ್ತು ಮಾಸ್ಟ್ರು ರಾಣೀನ ಮುಟ್ಟೇ ಇರ್ಲಿಲ್ಲ. ಸೋಲ್ತೀನಿ ಅಂತ ನಾನೇ ಸುಳ್ಳು ಹೇಳ್ದೆ.”

“ಛೀ, ನಿನ್ನ!” ಎಂದ ಕ್ಷೌರದಂಗಡಿಯವನು, ಹಿಂದೆ ಸರಿದು ನಿಂತ. ಉಳಿದವರೂ ಸರಿದರು.

ಮೇಜಿನ ಸುತ್ತ ಜಾಗ ಖಾಲಿಯಾಯಿತು. ಅವನು ಬಗ್ಗಿ ಕೆಳಗಿನಿಂದ ಒಂದೊಂದೇ ಗುಂಡಿ ಹಾಕುತ್ತ ಬಂದ. ಕತ್ತಿನ ಗುಂಡಿಗೆ ಬಂದಾಗ ಮಗಳು ಆ ಬದಿಯಿಂದ ಬಂದು, ಅವನಿಗೆ ಅನುಕೂಲವಾಗಲೆಂದು ಕಾಲರನ್ನು ಎತ್ತಿ ಹಿಡಿದಳು.