ಗೋಡೆಯ ಮೇಲಿನ ಅಮ್ಮ

ಬದುಕಿದ್ದಾಗಲೇ ಮರದ ಹಲಗೆಯ ಮೇಲೆ ಮುಖ ಬರೆಸಿ ನಡುಮನೆಯಲ್ಲಿ ತೂಗುಹಾಕುವುದು, ಸತ್ತ ಮೇಲೆ ಅದೇ ಹಲಗೆಯ ಅಂಚು ಕೊಯ್ದು, ಬಟ್ಟೆ ಸುತ್ತಿದ ಹೆಣದ ಮುಖಕ್ಕೆ ಕಟ್ಟುವುದು, ರೋಮಿನ ಆಳ್ವಿಕೆಯಲ್ಲಿದ್ದ ಕರಾನಿಸ್ ಊರಿನಲ್ಲಿ ನಾಲ್ಕು ಕಾಸು ಕಂಡವರೆಲ್ಲ ಮಾಡುತ್ತಿದ್ದದ್ದೇ. ಹಾಗಾಗಿ ದಿದುಮೆ ತನ್ನ ತಾಯಿ ತಮಿಸ್ತಳ ಮುಖ ಬರೆಸಿದ್ದರಲ್ಲಿ ತಪ್ಪೇನಿರಲಿಲ್ಲ. ತಪ್ಪಿದ್ದದ್ದು ಬರೆಸಿದ ರೀತಿಯಲ್ಲಿ.

ತಮಿಸ್ತ ಜನ್ಮವೆಲ್ಲ ರೊಟ್ಟಿ ಸುಟ್ಟು ಬದುಕಿದವಳು. ಕಪ್ಪು ಮೈ, ಎಡಗೆನ್ನೆಯ ಮೇಲೆ ಒಲೆ ಸುಟ್ಟ ಅಂಗೈಯಗಲದ ಕಲೆ. ಆ ಒಲೆಯ ದುಡಿಮೆಯಲ್ಲೇ ದಿದುಮೆ ಉಂಡು ಬೆಳೆದದ್ದು. ಆದರೆ ಈಗ ದಿದುಮೆಯ ಮಗಳಿಗೆ ಅರ್ಸಿನೋಯೆ ಪಟ್ಟಣದ ಗ್ರೀಕರ ಮನೆಯಿಂದ ಸಂಬಂಧ ಬಂದಿತ್ತು. ಹೆಣ್ಣಿನ ಕಡೆಯವರೂ ಗ್ರೀಕರೇ ಆಗಿರಬೇಕು ಅನ್ನುವ ಜನ ಅವರು. ತಮಿಸ್ತಳೋ ಆ ನೆಲದವಳೇ. ದಿದುಮೆ ಚಿತ್ರಗಾರನ ಕಿವಿಯಲ್ಲಿ ಊದಿದಳು: ಬಣ್ಣ ಸ್ವಲ್ಪ ತಿಳಿ ಮಾಡು, ಕಲೆ ಬೇಡ, ಕೂದಲು ರೋಮಿನ ರಾಣಿಯದರಂತೆ ಸುರುಳಿ ಸುರುಳಿಯಾಗಿ ಎತ್ತಿ ಕಟ್ಟು, ಕಿವಿಗೆ ಮುತ್ತು ಇರಲಿ. ಅವನಿಗೇನು, ಮೇಣ ಕರಗಿಸಿ, ಬಣ್ಣ ಬೆರೆಸಿ ಹೇಳಿದ್ದನ್ನು ಬರೆದ. ಪಾಪದ ಮುದುಕಿ ಅವನ ಮುಂದೆ ಅಲುಗಾಡದೆ ಕೂತಿದ್ದಳು. ಮುಗಿದ ಮೇಲೆ ನೋಡಿ, ಚೆನ್ನಾಗಿದಾಳೆ, ಯಾರಿವಳು ಅಂತ ಕೇಳಿದಳು. ದಿದುಮೆ ನಕ್ಕು ಮಾತು ಹಾರಿಸಿದಳು.

ಗಂಡಿನ ತಾಯಿ ಹೆರಾಯಿಸ್ ಹೆಣ್ಣು ನೋಡಲು ಬಂದವಳು ಮೊದಲು ನೋಡಿದ್ದು ಗೋಡೆಯನ್ನೇ. ಎಂಥ ಕಳೆ, ನಿಮ್ಮ ತಾಯಿಯೇ ಅಲ್ಲವೇ, ಕುಲ ಮುಖದಲ್ಲೇ ಗೊತ್ತಾಗುತ್ತದೆ ಅಂತ ಹೊಗಳಿದ್ದೇ ಹೊಗಳಿದ್ದು. ಅಷ್ಟರಲ್ಲಿ ತಮಿಸ್ತ ಮಾಸಿದ ನಾರುಬಟ್ಟೆಯಲ್ಲೇ ನೀರಿನ ಹೂಜಿ ಹಿಡಿದು ಒಳಗೆ ಬಂದಳು. ಬೀಗರು ಬಾಯಾರಿ ಬಂದಿದ್ದಾರೆಂಬ ಸಂಭ್ರಮ ಅವಳಿಗೆ.

ಹೆರಾಯಿಸ್ ಬಟ್ಟಲು ಚಾಚಿದಳು. "ಏ ಅಜ್ಜಿ, ನಿಮ್ಮ ದೊಡ್ಡಮ್ಮಾವ್ರನ್ನ ಸ್ವಲ್ಪ ಕರೀತೀಯಾ? ನೋಡಬೇಕು ಅನ್ಸುತ್ತೆ."

ಇವರೇ ನಮ್ಮಮ್ಮ ಅನ್ನಲು ಎಷ್ಟು ಹೊತ್ತು ಬೇಕು? ದಿದುಮೆ ಬೀಗಿತಿಯ ಹಿಂದಿನ ದಿಂಬು ಸರಿಪಡಿಸಿದಳು. ತಮಿಸ್ತ ಒಮ್ಮೆ ಮಗಳ ಮುಖ ನೋಡಿದಳು, ಒಮ್ಮೆ ಗೋಡೆ ನೋಡಿದಳು.

"ಗುಡಿಗೆ ಹೋಗಿದಾರೆ ತಾಯಿ. ಬರೋದು ತಡ ಆಗುತ್ತೆ," ಅಂದು ಬಟ್ಟಲು ತುಂಬಿಸಿದಳು.

ದಿದುಮೆಗೆ ಮೊದಲು ಅನಿಸಿದ್ದು ಸದ್ಯ ಬದುಕಿದೆ ಅಂತ. ಥೂ, ಎಂಥ ಮಗಳು! ಆಮೇಲೆ ಆ 'ಸದ್ಯ'ಕ್ಕೇ ನಾಚಿ ಮೈಯೆಲ್ಲ ಹಿಡಿಯಾಯಿತು. ಆದರೂ ಬೀಗಿತಿಯ ಮುಂದೆ ಹಣ್ಣಿನ ತಟ್ಟೆ ಸರಿಸಿದಳು. ಸಂಬಂಧ ಕುದುರಿತು.

ಅವರು ಹೋದ ಮೇಲೆ ತಾಯಿಯ ಕಾಲು ಹಿಡಿದು ಅತ್ತಳು. ತಮಿಸ್ತ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

"ಅಳಬೇಡ ಕಣೆ, ಮೊಮ್ಮಗಳು ಚೆನ್ನಾಗಿರಲಿ," ಅಂದಳು. "ನನಗೆ ಒಂದೇ ಚಿಂತೆ. ನಿಮ್ಮಪ್ಪ ಕಾಲುವೆ ಹೂಳೆತ್ತಿ ಸತ್ತವರು, ಅಲ್ಲಿ ನನಗಾಗಿ ಕಾಯ್ತಿರ್ತಾರೆ. ಈ ಮುಖ ಕಟ್ಕೊಂಡು ಹೋದ್ರೆ, ಯಾವುದೋ ದೊಡ್ಡ ಮನೆ ಹೆಂಗಸು ಅಂತ ಎದ್ದು ದಾರಿ ಬಿಟ್ಟುಬಿಡ್ತಾರೆ."

ಚಿತ್ರಗಾರನನ್ನು ಮತ್ತೆ ಕರೆಸಿ ನಿನ್ನ ಮುಖವನ್ನೇ ಬರೆಸುತ್ತೇನೆ ಅಂತ ದಿದುಮೆ ಆಣೆ ಮಾಡಿದಳು. ಮಾಡಿ, ಮದುವೆ ಒಂದು ಮುಗಿಯಲಿ ಅಂದಳು.

ಮದುವೆಯ ದಿನ ತಮಿಸ್ತ ಯಾರೂ ಹೇಳದೆಯೇ ದ್ರಾಕ್ಷಾರಸ ಬಡಿಸುವ ಆಳುಗಳ ಸಾಲಿನಲ್ಲಿ ನಿಂತಳು. ದೊಡ್ಡಮ್ಮಾವ್ರು ಬರಲಿಲ್ಲವೇ ಎಂದು ಹೆರಾಯಿಸ್ ಕೇಳಿದಾಗ, ಮೈ ಸರಿಯಿಲ್ಲ ಅಂದಳು ದಿದುಮೆ. ಅಷ್ಟರಲ್ಲಿ ಪಕ್ಕದಲ್ಲಿ ಮಾಸಿದ ನಾರುಬಟ್ಟೆಯ ಯಾರೋ ಹೂಜಿ ಹಿಡಿದು ಬಂದು ಬಗ್ಗಿದರು. ದಿದುಮೆ ತಲೆಯೆತ್ತದೆ ತನ್ನ ಬಟ್ಟಲನ್ನು ಚಾಚಿದಳು.